ಬೆಂಗಳೂರಿನ ನಡುವಣ ಬಯಲುಗಳು

ಪಟ್ಟಣವೊಂದರ ಅಂತಸ್ತನ್ನು ಅದರ ಸೌಧಗಳಿಂದ ಅಳೆಯುವುದು ವಾಡಿಕೆ. ಕಟ್ಟದೆ ಬಿಟ್ಟ ನೆಲದಿಂದಲೂ ಅದನ್ನು ಅಳೆಯಬಹುದು. ಬೆಂಗಳೂರಿನ ನಡುಭಾಗದ ಮೂರು ಬಯಲುಗಳ ಚರಿತ್ರೆಯನ್ನು ಒಟ್ಟಿಗಿಟ್ಟು ನೋಡಿದರೆ, ಬಯಲು ಬಯಲಾಗಿಯೇ ಉಳಿಯುವುದು ಯಾವುದರಿಂದ ಎಂಬುದು ವಾಚಕರಿಗೆ ವಿಶದವಾಗುವುದು.

ಮೊದಲನೆಯದು ಧರ್ಮಾಂಬುಧಿ ಕೆರೆ. ಪೇಟೆಯ ಮಗ್ಗುಲಲ್ಲಿದ್ದ ಈ ಕೆರೆಯು ಬಹುಕಾಲ ಪೇಟೆಯವರಿಗೆ ನೀರನ್ನೊದಗಿಸುತ್ತಿದ್ದಿತು. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗಳ ಮೂಲಕ ಊರಿಗೆ ಬಂದಿತು. ಜನರಿಗೆ ಅನುಕೂಲವಾಯಿತು, ಕೆರೆಗೆ ಕೆಲಸ ತಪ್ಪಿತು. ಕೆಲಸ ತಪ್ಪಿದ ಕೆರೆಯನ್ನು ಕಾಯುವವರಾರು? ಕ್ರಮೇಣ ಅದು ಬತ್ತಿ ಮೈದಾನವಾಯಿತು. ಮುಂದೆ ಅಲ್ಲಿಯೇ ಬಸ್ಸುಗಳ ದೊಡ್ಡ ನಿಲ್ದಾಣವೆದ್ದಿತು.

ಎರಡನೆಯದು ಪೇಟೆಗೂ ದಂಡಿಗೂ ನಡುವೆ ಇದ್ದ ಸಂಪಂಗಿ ಕೆರೆ. ಅದರ ಗತಿಯೂ ಇದೇ. ಆ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಆದರೂ ಒಂದು ಮೂಲೆಯಲ್ಲಿ ಚಿಕ್ಕ ಕೊಳವೊಂದು ಉಳಿದಿದೆ; ಕರಗದ ಉತ್ಸವಕ್ಕೆ ಅದು ಬೇಕು. ಆಡಳಿತಕ್ಕೆ ಬೇಡವಾದುದನ್ನು ಆಚಾರವು ಅಷ್ಟರಮಟ್ಟಿಗೆ ಉಳಿಸಿಕೊಂಡಿತು.

ಮೂರನೆಯದು ಕಬ್ಬನ್ ಉದ್ಯಾನ. ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಾಗ, 1870ರಲ್ಲಿ, ಮುಖ್ಯ ಇಂಜಿನಿಯರ್ ರಿಚರ್ಡ್ ಸ್ಯಾಂಕಿಯವರು ಸುಮಾರು 100 ಎಕರೆಯಲ್ಲಿ ಇದನ್ನು ಹವಣಿಸಿದರು. ತರುವಾಯ ಇದು ವಿಸ್ತಾರಗೊಂಡಿತು. 1927ರಲ್ಲಿ ಚಾಮರಾಜೇಂದ್ರ ಉದ್ಯಾನವೆಂಬ ಹೆಸರಿಟ್ಟರೂ ಜನರ ಬಾಯಲ್ಲಿ ಕಬ್ಬನ್ ಪಾರ್ಕೇ ನಿಂತಿತು. ಇದರೊಳಗೂ ಕಟ್ಟಡಗಳು ತಲೆಯೆತ್ತದೆ ಇರಲಿಲ್ಲ. ಆದರೆ ಸರ್ಕಾರಿ ಉದ್ಯಾನಗಳ ನೆಲವನ್ನು ಪರಭಾರೆ ಮಾಡದಂತೆ 1975ರಲ್ಲಿ ಶಾಸನವಾಯಿತು. ಬೆಳಗ್ಗೆ ಸಂಜೆ ಅಲ್ಲಿ ನಡೆದಾಡುವ ಸಹಸ್ರಾರು ಜನರು ಆ ಶಾಸನಕ್ಕೆ ಜೀವಂತ ಕಾವಲು.

ಇದರಿಂದ ತಿಳಿಯತಕ್ಕುದೇನು? ಬಯಲನ್ನು ಕಾಯುವುದು ಅದರ ಚೆಲುವಲ್ಲ. ಬಳಕೆ, ಆಚಾರ, ಶಾಸನ ಈ ಮೂರು. ಹೂಗಿಡಗಳಿಲ್ಲದ ಕೆರೆಯನ್ನು ಬಯಲೆಂದು ಎಣಿಸದೆ, ಬತ್ತಿದೊಡನೆ ಅದನ್ನು ಬರಿಯ ಜಾಗವೆಂದು ಬಗೆದುದರಿಂದ ನಷ್ಟವಾಯಿತು. ಕುಡಿಯುವ ನೀರಿನ ಕೆಲಸ ತಪ್ಪಿದರೂ, ಮಳೆಯ ನೀರನ್ನು ಹಿಡಿದಿಟ್ಟು ಬಾವಿಗಳಿಗೆ ಊಡುವ ಕೆಲಸವು ಕೆರೆಗೆ ತಪ್ಪಿರಲಿಲ್ಲ. ಹುಯ್ದ ಮಳೆ ಬೀದಿಗಳಲ್ಲಿ ನಿಲ್ಲುವಾಗ ಊರು ಅದನ್ನು ನೆನೆಯುತ್ತದೆ.

ಆದುದರಿಂದ ಊರ ನಡುವಣ ಬಯಲುಗಳ ಬೆಲೆಕಟ್ಟುವವರು ಎಷ್ಟು ಎಕರೆಯೆಂದು ಕೇಳಿದರೆ ಸಾಲದು. ಅಲ್ಲಿಗೆ ಯಾರು ಬರಬಲ್ಲರು, ಅದು ಊರಿಗೆ ಏನು ಮಾಡುತ್ತಿದೆ, ನಾಳೆ ಅದನ್ನು ಬೇಡುವವರಿಗೆ ಇಲ್ಲವೆನ್ನುವ ಅಧಿಕಾರ ಯಾರಿಗುಂಟು ಎಂಬುದನ್ನೂ ಕೇಳಬೇಕು. ಕಟ್ಟಡವನ್ನು ಕೆಡವಿ ಮತ್ತೆ ಕಟ್ಟಬಹುದು. ತುಂಬಿದ ಕೆರೆಯಂಗಳವನ್ನು ಮರಳಿ ಪಡೆದ ಊರುಗಳು ವಿರಳ.