ವಾದ ಬರವಣಿಗೆ ಮತ್ತು ಶೈಕ್ಷಣಿಕ ತಂತ್ರಜ್ಞಾನ

ಒಂದು ನಿಲುವು ತಳೆದು, ಅದಕ್ಕೆ ಕಾರಣ ಮತ್ತು ಆಧಾರ ಕೊಟ್ಟು, ಎದುರು ಪಕ್ಷಕ್ಕೂ ಉತ್ತರ ಹೇಳುವ ಬರಹವೇ ವಾದ ಬರವಣಿಗೆ. ಇದನ್ನು ಕಲಿಸಲು ಕಂಪ್ಯೂಟರ್ ಮತ್ತು ಮೊಬೈಲುಗಳ ಬಳಕೆ ಕಳೆದ ಮೂರು ದಶಕಗಳಲ್ಲಿ ಬೆಳೆದಿದೆ.

ಭಾರತೀಯ ತರ್ಕಶಾಸ್ತ್ರವಾದ ನ್ಯಾಯದರ್ಶನವು ವಾದವನ್ನು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಐದು ಅವಯವಗಳಾಗಿ ಬಿಡಿಸಿತು. ಪೂರ್ವಪಕ್ಷವನ್ನು, ಎಂದರೆ ಎದುರಿನವರ ವಾದವನ್ನು, ಮೊದಲು ಹೇಳಿ ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರುವುದು ನಮ್ಮ ಶಾಸ್ತ್ರಗ್ರಂಥಗಳ ರೂಢಿ. ತತ್ತ್ವಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಕೊಟ್ಟ ವಾದದ ಮಾದರಿಯಲ್ಲೂ ಆಕ್ಷೇಪಕ್ಕೆ ಜಾಗವಿದೆ. 1990ರ ದಶಕದ 'ಬೆಲ್ವೆಡೆರ್' ತಂತ್ರಾಂಶ ಹೇಳಿಕೆ ಮತ್ತು ಆಧಾರಗಳನ್ನು ಪರದೆಯ ಮೇಲೆ ಗೆರೆ ಎಳೆದು ಜೋಡಿಸಲು ವಿದ್ಯಾರ್ಥಿಗಳಿಗೆ ಅವಕಾಶ ಕೊಟ್ಟಿತು. ಯಾವ ಮಾತಿಗೆ ಆಧಾರವಿಲ್ಲ ಎಂಬುದು ಇಂಥ ನಕ್ಷೆಯಲ್ಲಿ ಕಣ್ಣಿಗೆ ಬೀಳುತ್ತದೆ. ತಂತ್ರಜ್ಞಾನದ ನಿಜವಾದ ಉಪಕಾರ ಇದೇ. ಕಾಗುಣಿತ ತಿದ್ದುವುದು ಆಮೇಲಿನ ಮಾತು.

ಕನ್ನಡ ಶಾಲೆಗಳ ಪ್ರಬಂಧವು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಚೌಕಟ್ಟಿನಲ್ಲಿ ಸಾಗುತ್ತದೆ. ಎದುರು ಪಕ್ಷಕ್ಕೆ ಅಲ್ಲಿ ಬೇರೆ ಜಾಗವಿಲ್ಲ. ಶಾಲಾ ಮಕ್ಕಳ ಸ್ಪರ್ಧಾಕೂಟವಾದ ಪ್ರತಿಭಾ ಕಾರಂಜಿಯ ಚರ್ಚಾಸ್ಪರ್ಧೆಯಲ್ಲಿ ಪರ-ವಿರೋಧ ಎರಡೂ ಇವೆ, ಆದರೆ ಅದು ಬಾಯಿಮಾತು. ಈ ಮಾತನ್ನು ಹಾಳೆಗೆ ತರುವುದೇ ಮುಖ್ಯ ಕೆಲಸ. 2017ರಲ್ಲಿ ಗೂಗಲ್ ಕನ್ನಡದಲ್ಲಿ ಧ್ವನಿ ಟೈಪಿಂಗ್ ತಂದ ಮೇಲೆ ಕೀಲಿಮಣೆ ಬಾರದ ಮಗುವೂ ಆಡಿದ್ದನ್ನು ಅಕ್ಷರವಾಗಿ ಕಂಡು ತಿದ್ದಬಹುದು. 2010ರ ದಶಕದಲ್ಲಿ ರೂಪುಗೊಂಡ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆ ಶಿಕ್ಷಕರಿಗೆ ಪರಿಕಲ್ಪನಾ ನಕ್ಷೆಯನ್ನು ಪರಿಚಯಿಸಿತು. ಅದೇ ಸಾಧನದಲ್ಲಿ ವಾದದ ನಕ್ಷೆಯನ್ನೂ ಬಿಡಿಸಬಹುದು.

ಹಾಸನ ಜಿಲ್ಲೆಯ ಸಕಲೇಶಪುರ-ಆಲೂರು ಬೆಟ್ಟಸೀಮೆಯ ಮಕ್ಕಳಿಗೆ ವಾದದ ವಸ್ತು ಮನೆಬಾಗಿಲಲ್ಲೇ ಇದೆ. 2014ರಲ್ಲಿ ಈ ಭಾಗದಿಂದ 22 ಕಾಡಾನೆಗಳನ್ನು ಹಿಡಿದರೂ ಹಾವಳಿ ನಿಲ್ಲಲಿಲ್ಲ. ಆನೆಗಳನ್ನು ಹಿಡಿದು ಸಾಗಿಸಬೇಕೋ, ಅವುಗಳ ಓಡಾಟಕ್ಕೆ ಕಾರಿಡಾರ್ ಬಿಡಬೇಕೋ? ಕಾಫಿ ಬೆಳೆಗಾರರು, ತೋಟದ ಲೈನ್‌ಮನೆಯ ಕಾರ್ಮಿಕರು, ಅರಣ್ಯ ಸಿಬ್ಬಂದಿ ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ಆನೆಗಳ ಸಂಚಾರ ತಿಳಿಸುವ ಮೊಬೈಲ್ ಸಂದೇಶಗಳನ್ನು ದಿನಾಂಕ, ಊರಿನ ಪ್ರಕಾರ ಪಟ್ಟಿ ಮಾಡಿದರೆ ಅವೇ ಆಧಾರ. ಎತ್ತಿನಹೊಳೆ ಯೋಜನೆಯೂ ಇಂಥದೇ ಇನ್ನೊಂದು ವಸ್ತು. 24.01 ಟಿಎಂಸಿ ನೀರನ್ನು ಇಲ್ಲಿಂದ ಬಯಲುಸೀಮೆಗೆ ಒಯ್ಯುವ ಇದರ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಆ ನೀರಿಗೆ ಕಾಯುವ ಕೋಲಾರದ ವಿದ್ಯಾರ್ಥಿ ಬರೆದದ್ದನ್ನು ಇಲ್ಲಿಯವರು ಓದಿ ಉತ್ತರಿಸಿದರೆ ಪೂರ್ವಪಕ್ಷಕ್ಕೆ ಒಂದು ಮುಖ ಬರುತ್ತದೆ.

ಮಲೆನಾಡಿನ ತೊಡಕು ನೆಟ್‌ವರ್ಕ್ ಮತ್ತು ಕರೆಂಟು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ಬಂದ 2020ರ ವಿದ್ಯಾಗಮ ಯೋಜನೆ ಮಕ್ಕಳನ್ನು ಅವರ ಬಳಿ ಇರುವ ಫೋನು, ಇಂಟರ್ನೆಟ್ ನೋಡಿ ಗುಂಪು ಮಾಡಬೇಕಾಯಿತು. ಜಾಲವಿಲ್ಲದೆ ನಡೆಯುವ ನಕ್ಷೆ ತಂತ್ರಾಂಶ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಕೇಳಿದ ಕೂಡಲೇ ಇಡೀ ಪ್ರಬಂಧ ಬರೆದುಕೊಡುವ ಕೃತಕ ಬುದ್ಧಿಮತ್ತೆಯಿಂದ ಅಭ್ಯಾಸವೇ ತಪ್ಪುತ್ತದೆ. ವಿದ್ಯಾರ್ಥಿ ತಾನು ಬರೆದದ್ದಕ್ಕೆ ಅದರಿಂದ ಆಕ್ಷೇಪ ಎತ್ತಿಸಿ ಉತ್ತರ ಬರೆದಾಗ ಪ್ರಯೋಜನವಿದೆ.