ಔರಾದಕ್ಕೆ ಕಡಲ ಮೀನು ಬಂದ ದಾರಿ

ನಮ್ಮ ಔರಾದದಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಮುಟ್ಟಲು ಸುಮಾರು 500 ಕಿಲೋಮೀಟರ್ ಹೋಗಬೇಕು. ಪಶ್ಚಿಮಕ್ಕೆ ಹೋದರೆ ಮುಂಬೈ ಕಡೆಯ ಕೊಂಕಣ, ಪೂರ್ವಕ್ಕೆ ಹೋದರೆ ಹೈದರಾಬಾದ್ ದಾಟಿ ಮಚಲೀಪಟ್ಟಣ. ಮಾಂಜ್ರಾ ಹೊಳೆ, ಕಾರಂಜಾ ಡ್ಯಾಮು, ಊರ ಕೆರೆ ಇವೇ ನಮ್ಮ ಮೀನಿನ ಲೋಕ. ರೋಹು ಗೊತ್ತು, ಕಾಟ್ಲಾ ಗೊತ್ತು.

ಹೀಗಾಗಿ ಕೆಲಸಕ್ಕೋ ತಿರುಗಾಟಕ್ಕೋ ಮುಂಬೈ ಕಡೆ ಹೋದ ನಮ್ಮ ಹುಡುಗರು ರಾತ್ರಿ ಬಜಾರದಲ್ಲಿ ಕಾದ ತವೆಯ ಮುಂದೆ ನಿಂತಾಗ ಅಲ್ಲಿ ಬೇಯುತ್ತಿರುವುದು ಏನು ಅಂತಲೇ ತಿಳಿಯುವುದಿಲ್ಲ. ರವೆ ಮೆತ್ತಿಕೊಂಡ ಉದ್ದನೆಯ ಮೀನು. ಮೇಲೆ ಗರಿಗರಿ, ಒಳಗೆ ಗಂಜಿಯಷ್ಟು ಮೆತ್ತಗೆ. ಮುಳ್ಳು ಕೂಡ ಹಲ್ಲಿಗೆ ತಾಗುವುದಿಲ್ಲ. ಹೆಸರು ಬೊಂಬಿಲ್. ‘ಇದು ಬೆಂದಿದೆಯೋ ಇಲ್ಲವೋ’ ಎಂದು ಹಿಂದೆ ಸರಿಯುವವರೇ ಹೆಚ್ಚು.

ಆದರೆ ಆ ಬೊಂಬಿಲ್ ನಮಗೆ ಹೊಸದಲ್ಲ. ನಮ್ಮ ಪಕ್ಕದ ಮರಾಠವಾಡದ ಸಂತೆಗಳಲ್ಲಿ ಗೋಣಿತಟ್ಟಿನ ಮೇಲೆ ಸುಕಟ್ ಜೊತೆ ರಾಶಿ ಹಾಕಿರುತ್ತಾರಲ್ಲ, ಕಟ್ಟಿಗೆ ಚಕ್ಕೆಯಂಥ ಒಣಮೀನು, ಅದೇ ಇದು. ಹಸಿ ಬೊಂಬಿಲ್‌ನ ಮೈಯಲ್ಲಿ ಬಹುಪಾಲು ನೀರೇ. ಕೊಂಕಣದ ಕೋಳಿಗಳು ಎರಡೆರಡು ಮೀನಿನ ಬಾಯಿಯನ್ನು ಒಂದಕ್ಕೊಂದು ಸಿಕ್ಕಿಸಿ, ಬಿದಿರು ಕಟ್ಟಿದ ಹಗ್ಗಕ್ಕೆ ತೂಗುಹಾಕಿ, ಬಹಳ ಸಲ ಉಪ್ಪನ್ನೂ ಹಚ್ಚದೆ, ಬಿಸಿಲು ಗಾಳಿಗೆ ಒಣಗಿಸುತ್ತಾರೆ. ನೀರು ಹೋದ ಮೇಲೆ ಮೀನು ಹಗುರ. ಕೆಡುವುದಿಲ್ಲ, ಎಷ್ಟು ದೂರ ಬೇಕಾದರೂ ಹೊರಬಹುದು. ಇಂಗ್ಲಿಷರು ಇದಕ್ಕೆ ಬಾಂಬೆ ಡಕ್ ಅಂದರು, ಬಾತುಕೋಳಿಗೂ ಇದಕ್ಕೂ ಸಂಬಂಧವಿಲ್ಲ. ಡಾಕ್ ರೈಲಿನಲ್ಲಿ ಸಾಗಿಸುತ್ತಿದ್ದರು, ಅದಕ್ಕೇ ಆ ಹೆಸರು ಎಂಬ ಕಥೆಯೊಂದಿದೆ. ಆದರೆ ಮುಂಬೈಗೆ ರೈಲು ಬಂದದ್ದು 1853ರಲ್ಲಿ, ಹೆಸರು ಅದಕ್ಕೂ ಮೊದಲೇ ಬಳಕೆಯಲ್ಲಿತ್ತು.

ಕಡಲ ಮೀನಿನ ಬಗ್ಗೆ ಕೂತು ವಿವರವಾಗಿ ಬರೆದ ಅರಸನೊಬ್ಬ ನಮ್ಮ ಜಿಲ್ಲೆಯಲ್ಲೇ ಇದ್ದ. ಇಂದಿನ ಬಸವಕಲ್ಯಾಣ ಆಗ ಕಲ್ಯಾಣ, ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅವನಿಗೆ ಸರ್ವಜ್ಞ ಎಂಬ ಬಿರುದಿತ್ತು (ತ್ರಿಪದಿಯ ಸರ್ವಜ್ಞ ಬೇರೆ). ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ರಾಜ್ಯಭಾರ, ಆನೆ, ಸಂಗೀತ, ಅಡುಗೆ ಎಲ್ಲವೂ ಇವೆ. ಮೀನು ಹಿಡಿಯುವ ಆಟಕ್ಕೇ ಒಂದು ಭಾಗ ಇದೆ, ಮತ್ಸ್ಯವಿನೋದ. ಕಡಲ ಮೀನು ಯಾವುದು, ಹೊಳೆ ಮೀನು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ಯಾವ ಮೀನಿಗೆ ಯಾವ ತಿನಿಸು ಹಾಕಬೇಕು ಎಂದೆಲ್ಲ ಬಿಡಿಸಿ ಹೇಳುತ್ತಾನೆ. 1951ರಲ್ಲಿ ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಈ ಭಾಗವನ್ನು ಓದಿ ಅದರ ಮೇಲೆ ಲೇಖನವನ್ನೇ ಬರೆದರು.

ಅರಮನೆಯ ಅಡುಗೆಯೂ ಅದರಲ್ಲಿದೆ. ಮೀನಿನ ತುಂಡುಗಳನ್ನು ಚೆನ್ನಾಗಿ ತೊಳೆದು, ಹುಣಸೆ ರಸದಲ್ಲಿ ಬೇಯಿಸಿ, ಗೋಧಿ ಹಿಟ್ಟು ಉದುರಿಸಿ, ಎಣ್ಣೆಯಲ್ಲಿ ಕೆಂಪಗೆ ಕರಿದು, ಮೇಲೆ ಸೈಂಧವ ಲವಣ, ಏಲಕ್ಕಿ, ಕಾಳುಮೆಣಸಿನ ಪುಡಿ. ಮೆಣಸಿನಕಾಯಿ ಇಲ್ಲ, ಅದು ಪೋರ್ಚುಗೀಸರು ಬಂದ ಮೇಲಿನ ಮಾತು. ಈ ಕ್ರಮವನ್ನು ಮುಂಬೈಯ ರಾತ್ರಿ ಗಾಡಿಯವನಿಗೆ ಹೇಳಿದರೆ ಅವನಿಗೆ ಆಶ್ಚರ್ಯವೇನೂ ಆಗಲಿಕ್ಕಿಲ್ಲ. ಹಿಟ್ಟಿನ ಬದಲು ರವೆ, ಮೆಣಸಿನ ಬದಲು ಮೆಣಸಿನಕಾಯಿ, ಅಷ್ಟೇ.

ಕಲ್ಯಾಣದಲ್ಲಿ ಕೂತವನಿಗೆ ಕಡಲು ಹೇಗೆ ಗೊತ್ತಾಯಿತು? ಗೋವೆಯ ಕದಂಬರು, ಕೊಂಕಣದ ಶಿಲಾಹಾರರು ಚಾಲುಕ್ಯರ ಸಾಮಂತರಾಗಿದ್ದರು. ಕಪ್ಪ ಕಾಣಿಕೆ ಬಂದ ದಾರಿಯಲ್ಲೇ ಮೀನಿನ ಸುದ್ದಿಯೂ ಬಂದಿರಬೇಕು ಎಂಬುದು ನನ್ನ ಊಹೆ.

ಸುಮಾರು ಮೂರೂವರೆ ಶತಮಾನದ ನಂತರ ಅದೇ ಘಟ್ಟ ಹತ್ತಿ ಒಬ್ಬ ರಷ್ಯನ್ ವ್ಯಾಪಾರಿ ಬೀದರಿಗೆ ಬಂದ. ಅಫನಾಸಿ ನಿಕಿತಿನ್. ದಾರಿಯಲ್ಲಿ ದರೋಡೆಯಾಗಿ ಸರಕು ಕಳೆದುಕೊಂಡವನು, ಒಂದು ಕುದುರೆ ಹಡಗಿಗೆ ಏರಿಸಿಕೊಂಡು ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ. ಮಳೆಗಾಲದ ಕೆಸರಿಗೆ ಸಿಕ್ಕಿ ಜುನ್ನರಿನಲ್ಲಿ ತಡೆದ, ಆಮೇಲೆ ಇಲ್ಲಿಗೆ. ಆಗ ಬೀದರ ಬಹಮನಿಗಳ ರಾಜಧಾನಿ, ಮಹಮೂದ್ ಗಾವಾನ್ ಮಂತ್ರಿ, ಅವನ ಮದರಸಾ ಕಟ್ಟಡ 1472ರ ಸುಮಾರಿಗೆ ಮುಗಿದದ್ದು. ಆಳಂದದ ದೊಡ್ಡ ಜಾತ್ರೆಯ ಬಗ್ಗೆ, ಅಲ್ಲಿ ಮಾರುವ ಸಾವಿರಾರು ಕುದುರೆಗಳ ಬಗ್ಗೆ ನಿಕಿತಿನ್ ಬರೆದಿದ್ದಾನೆ. ಬೀದರ ಬಜಾರದಲ್ಲಿ ತನ್ನ ನಾಡಿಗೆ ಒಯ್ಯುವ ಮಾಲೇ ಇಲ್ಲ ಎಂಬುದು ಅವನ ಬೇಸರ.

ರಾತ್ರಿ ಬಜಾರವಂತೂ ಅವನಿಗೆ ಕಾಣಲಿಲ್ಲ. ಕಂಡದ್ದು ಕೊತ್ವಾಲನ ಸಾವಿರ ಜನ ದೀವಟಿಗೆ ಹಿಡಿದು ಕುದುರೆ ಮೇಲೆ ಪೇಟೆ ಕಾಯುವುದು. ಇಲ್ಲಿಯ ಊಟವನ್ನು ಗಮನಿಸಿ, ಹಿಂದೂಗಳು ಮೀನು ಮಾಂಸ ಮುಟ್ಟುವುದಿಲ್ಲ ಎಂದು ಒಂದು ಕಡೆ ಬರೆದ. ಇನ್ನೊಂದು ಕಡೆ ಕುರಿ, ಕೋಳಿ, ಮೀನು, ಮೊಟ್ಟೆ ತಿನ್ನುವವರೂ ಇದ್ದಾರೆ ಎಂದ. ಎರಡೂ ನಿಜ. ಅವನು ನೋಡಿದ ಮನೆಗಳು ಬೇರೆ ಬೇರೆ.

ನಮ್ಮ ಸಾಮಾನ್ಯರ ಅಡುಗೆಮನೆಗೆ ಕಡಲಿನದು ಅಂತ ತಪ್ಪದೆ ಬಂದದ್ದು ಉಪ್ಪು. ಅದನ್ನು ಎತ್ತುಗಳ ಬೆನ್ನ ಮೇಲೆ ಹೇರಿ ದಖ್ಖನಿಗೆ ತಂದವರು ಲಂಬಾಣಿಗರು. ಲವಣದಿಂದಲೇ ಆ ಹೆಸರು ಬಂತು ಅನ್ನುವವರೂ ಇದ್ದಾರೆ. ಇವತ್ತು ನಮ್ಮ ತಾಲೂಕಿನ ತಾಂಡಾಗಳಲ್ಲಿರುವ ಎಷ್ಟೋ ಮನೆತನಗಳ ಹಿರಿಯರು ಕಡಲು ಕಂಡವರೇ ಇರಬಹುದು. ರಸ್ತೆ, ರೈಲು ಬಂದ ಮೇಲೆ ಆ ವ್ಯಾಪಾರ ಮುರಿಯಿತು. 1871ರ ಕಾಯ್ದೆಯ ಕೆಳಗೆ ಇಂಗ್ಲಿಷರು ಈ ತಿರುಗುವ ಜನರನ್ನು ಎಷ್ಟೋ ಕಡೆ ಅಪರಾಧಿ ಬುಡಕಟ್ಟು ಎಂದು ಬರೆದುಕೊಂಡರು. ಹಿಂದಿನ ದಿನದವರೆಗೆ ಊರಿಗೆ ಉಪ್ಪು ತಂದವರನ್ನು!

ಒಣಮೀನಿನ ಲೆಕ್ಕವನ್ನು ಯಾರೂ ಇಡಲಿಲ್ಲ. ಅರಸನ ತಟ್ಟೆಯ ಮೀನು ಗ್ರಂಥ ಸೇರಿತು, ಕೂಲಿಯವರ ರೊಟ್ಟಿಯ ಮೇಲಿನ ಸುಕಟ್ ಸೇರಲಿಲ್ಲ. ಒಂದು ಹಿಡಿ ಹುರಿದರೆ ನಾಲ್ಕು ಜನರ ಜೋಳದ ರೊಟ್ಟಿಗೆ ಸಾಕು, ಕಾಸು ಕಡಿಮೆ. ವಾಸನೆ ಮಾತ್ರ ಓಣಿಯ ತುದಿಗೂ ಹೋಗಿ ಆ ಮನೆಯ ಜಾತಿ, ಬಡತನ ಎರಡನ್ನೂ ಸಾರುತ್ತದೆ. ಅದಕ್ಕೇ ಬಾಗಿಲು ಮುಚ್ಚಿ ಹುರಿಯುವವರಿದ್ದಾರೆ. ಅದೇ ಬೊಂಬಿಲ್ ಮುಂಬೈಯ ಹೋಟೆಲಿನಲ್ಲಿ ಲಿಂಬೆಹೋಳು ಇಟ್ಟುಕೊಂಡು ಬಂದರೆ ಫೋಟೋ ತೆಗೆಯುತ್ತೇವೆ.

ರಾತ್ರಿ ಬಜಾರಕ್ಕೆ ಹೋಗುವವರಿಗೆ ಒಂದು ಸಣ್ಣ ಸಹಾಯ. ಬೀದರಿನವರಿಗೆ ಮೂರು ಭಾಷೆ ಬರುತ್ತದಲ್ಲ, ಅದು ಇಲ್ಲಿ ಉಪಯೋಗ. ಮುಂಬೈಯಲ್ಲಿ ಸುರಮೈ ಅನ್ನುವುದೇ ಮಂಗಳೂರಿನ ಅಂಜಲ್, ತೆಲುಗರ ವಂಜರಂ. ಪಾಪ್ಲೆಟ್ ಅಂದರೆ ಮಂಗಳೂರಿನಲ್ಲಿ ಮಾಂಜಿ. ಕೋಳಂಬಿ, ಸಿಗಡಿ, ರೊಯ್ಯಲು ಒಂದೇ. ಸಿಗಡಿ, ಏಡಿ ಕೆಲವರ ಮೈಗೆ ಒಗ್ಗುವುದಿಲ್ಲ, ಮೊದಲ ಸಲ ಒಂದೆರಡು ತುಂಡು ತಿಂದು ನೋಡಿ. ಮಂಗಳೂರು ಕಡೆಯ ಮೀನುಸಾರಿನ ಕೆಂಪು ಬಣ್ಣಕ್ಕೆ ಹೆದರಬೇಡಿ, ಅದು ಬಹಳ ಸಲ ನಮ್ಮ ಬಯಲುಸೀಮೆಯ ಬ್ಯಾಡಗಿ ಮೆಣಸಿನಕಾಯಿಯದೇ ಬಣ್ಣ.

ಹೋಗುವ ತಿಂಗಳು ಮಾತ್ರ ನೋಡಿಕೊಳ್ಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಸಿ ಮೀನು ಕಡಿಮೆ, ಬೆಲೆ ಹೆಚ್ಚು. ಆ ಎರಡು ತಿಂಗಳು ಅಲ್ಲಿಯ ಮನೆಗಳಲ್ಲೂ ಒಣಮೀನಿನ ಡಬ್ಬಿಯೇ ತೆರೆಯುತ್ತದೆ.