ಹುಸಿ ಏಟು (ಬಂದೂಕು)
ಟ್ರಿಗರ್ ಎಳೆದರೂ ಮದ್ದು ಹೊತ್ತಿಕೊಳ್ಳದೆ ಗುಂಡು ಹಾರದಿರುವ ದೋಷ. 1705ರಲ್ಲಿ ಸುರಪುರದ ಬಳಿಯ ವಾಗಣಗೇರಾ ಕೋಟೆಯಲ್ಲಿ ಔರಂಗಜೇಬನ ಸೈನ್ಯವನ್ನು ಎದುರಿಸಿದ ಬೇಡರು ಬಂದೂಕಿನ ಗುರಿಗೆ ಹೆಸರಾದವರು. ಆದರೆ ಆ ಕಾಲದ ಬತ್ತಿ ಬಂದೂಕಿನಲ್ಲಿ ಜಾಮಗಿ (ಮದ್ದು ಹೊತ್ತಿಸುವ ಬತ್ತಿ) ತೇವವಾದರೆ ರಂಜಕ (ಹೊರಗಿನ ಬಟ್ಟಲಲ್ಲಿಡುವ ಪುಡಿಮದ್ದು) ಹೊತ್ತುತ್ತಲೇ ಇರಲಿಲ್ಲ. ನಳಿಗೆಯ ಕಿರುರಂಧ್ರದಲ್ಲಿ ಮಸಿ ಕಟ್ಟಿದ್ದರೆ ರಂಜಕವಷ್ಟೇ ಭಗ್ಗೆಂದು ಉರಿದು ಒಳಗಿನ ಮದ್ದು ಹಾಗೇ ಉಳಿಯುತ್ತಿತ್ತು.

ಬೋಲ್ಟ್ ರೈಫಲ್ಲಿನಲ್ಲಿ (ಪೊಲೀಸರು ದಶಕಗಳ ಕಾಲ ಹೊತ್ತ ತ್ರೀ ನಾಟ್ ತ್ರೀ ಇದೇ ಜಾತಿಯದು) ಸುಳಿವು ತೋಟಾದ ಹಿಂಬದಿಯಲ್ಲೇ ಸಿಗುತ್ತದೆ: ಪಿನ್ನಿನ ಏಟು ಸೋತಿದ್ದರೆ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬಿಲ್ಲೆ) ಮೇಲೆ ಅದು ಬಿದ್ದ ಗುಳಿ ಆಳವಾಗಿರುವುದಿಲ್ಲ. ಎಷ್ಟೋ ಸಲ ಇದಕ್ಕೆ ಕಾರಣ ಬೋಲ್ಟಿನೊಳಗೆ ಗಟ್ಟಿಯಾದ ಹಳೆಯ ಗ್ರೀಸು. ಶಹಾಪುರ, ಯಾದಗಿರಿ ಕಡೆಯ ಎರೆನೆಲದ ಧೂಳು ಅದಕ್ಕೆ ಸೇರಿದರೆ ಕೇಳುವುದೇ ಬೇಡ. ಪಿನ್ನನ್ನು ತಳ್ಳುವ ಸ್ಪ್ರಿಂಗಿನ ಮೇಲೆ ಗೂಬೆ ಕೂರಿಸುವ ಮುನ್ನ ಬೋಲ್ಟನ್ನು ತೊಳೆದು ಒಣಗಿಸಿ ನೋಡಬೇಕು. ಆಮೇಲೂ ಏಟು ಸೋತರೆ ಬಳಲಿದ ಸ್ಪ್ರಿಂಗು, ಸವೆದ ಪಿನ್ನಿನ ತುದಿ, ಬೋಲ್ಟಿಗೂ ತೋಟಾಕ್ಕೂ ನಡುವಿನ ಸಡಿಲ ಇವನ್ನೆಲ್ಲ ಪರವಾನಗಿ ಇರುವ ರಿಪೇರಿಗಾರರೇ ಅಳೆದು ನೋಡಬೇಕು.

ಮದ್ದು ತಡವಾಗಿ ಹೊತ್ತುವುದೂ ಉಂಟು. ಆದ್ದರಿಂದ ಏಟು ಹುಸಿಯಾದ ಕೂಡಲೇ ಬೋಲ್ಟ್ ಎಳೆಯದೆ, ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು.